ಮುಖವಾಡ ತೆಗೆದ ಹುಡುಗಿ

ಅಕ್ಟೋಬರಿನ ಕೊನೆಯ ದಿನ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡಲಿಲ್ಲ. ಅಪರೂಪಕ್ಕೆ ಬರುವ ಮಳೆಗೆ ಚರಂಡಿ ಯಾಕೆ ಎಂದುಕೊಂಡ ಊರು ಇದು. ಬಹರೈನಿನ ಉಮ್ ಅಲ್ ಹಸ್ಸಮ್‌ನ ಆ ಹಳೆಯ ಕಟ್ಟಡದ ಮುಂದೆ ಕಾರುಗಳ ಚಕ್ರ ಮುಳುಗುವಷ್ಟು ನೀರು ನಿಂತಿತ್ತು. ಸನದ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಯಶ್ವಂತ್, ತಡವಾಗ್ತದೆ, ಊಟಕ್ಕೆ ಕಾಯಬೇಡ ಎಂದು ಹೆಂಡತಿ ಆಶಾಲತಾಳಿಗೆ ಫೋನ್ ಮಾಡಿದ್ದ. ಅವಳು ಒಣಗದ ಬಟ್ಟೆಗಳನ್ನೆಲ್ಲ ಹಾಲ್‌ನ ಕುರ್ಚಿಗಳ ಮೇಲೆ ಹರವಿ, ನೀರುದೋಸೆಗೆ ನೆನೆಹಾಕಿದ ಅಕ್ಕಿಯನ್ನು ತೊಳೆಯುತ್ತಿದ್ದಳು.

ಕ್ಲಬ್ಬಿನಲ್ಲಿ ನಡೆಯಬೇಕಿದ್ದ ಹ್ಯಾಲೊವೀನ್ ಪಾರ್ಟಿ ಮಳೆಗೆ ನಿಂತುಹೋಗಿತ್ತು. ಮಸೀದಿಯಲ್ಲಿ ಮುಸ್ಸಂಜೆಯ ಮಗ್ರಿಬ್ ಬಾಂಗ್ ಆದ ಮೇಲೆ ಕಟ್ಟಡದೊಳಗೇ ಮಕ್ಕಳು ಮನೆಯಿಂದ ಮನೆಗೆ ಹೋಗಲಿ ಎಂದು ತಾಯಂದಿರು ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಕೂತಿರಲಾರದ ಇಬ್ಬರು ಆಶಾಲತಾಳ ಮನೆಯ ಹಾಲ್‌ನಲ್ಲಿದ್ದರು. ಒಬ್ಬಳು ಅವಳ ಎಂಟು ವರ್ಷದ ಮಗಳು ಪೂಜಿತಾ, ಕಪ್ಪು ನಿಲುವಂಗಿ, ಬಟ್ಟೆಯ ಬೆಕ್ಕಿನ ಮುಖವಾಡ. ಇನ್ನೊಬ್ಬಳು ಎದುರು ಮನೆಯ ನಸೀಹಾ, ಬಿಳಿ ಕೋಟು ಹಾಕಿಕೊಂಡವಳು.

"ನಾನು ದೆವ್ವ ಆಗ್ಬಾರ್ದು ಅಂದ್ರು ಉಮ್ಮ. ಅದಕ್ಕೆ ನಾನು ಡಾಕ್ಟ್ರು. ಡಾಕ್ಟ್ರಿಗೂ ಮಾಸ್ಕ್ ಉಂಟಲ್ಲ," ಎಂದಳು ನಸೀಹಾ.

ಆ ಉಡುಪುಗಳನ್ನು ಹೊಲಿದುಕೊಟ್ಟ ಲಿಲಿಯನ್ ಬಾಯಿ ಮೇಲಿನ ಮಹಡಿಯಿಂದ ಇಳಿದು ಬಂದು, ಸೋಫಾದ ಮೇಲಿನ ಒದ್ದೆ ಟವೆಲನ್ನು ಸರಿಸಿ ಕೂತರು. ಮಂಗಳೂರು ಬಿಟ್ಟು ಬಹರೈನಿಗೆ ಬಂದು ತಲೆಯೆಲ್ಲ ಬೆಳ್ಳಗಾದ ಮುದುಕಿ. ಮಕ್ಕಳು ಎರಡೂ ಕಡೆಯಿಂದ ಒತ್ತಿಕೊಂಡರು.

"ಗ್ರ್ಯಾನಿ, ಸ್ಟೋರಿ. ಸ್ಕೇರಿ ಇರ್ಬೇಕು," ಎಂದಳು ಪೂಜಿತಾ.

"ಬಾಯಮ್ಮ, ಹೆದರಿಸ್ಬೇಡಿ," ಎಂದಳು ಆಶಾಲತಾ ಅಡಿಗೆಮನೆಯಿಂದಲೇ. "ರಾತ್ರಿ ನಿದ್ದೆ ಕೆಡುವುದು ನಂದು."

"ಹೆದರಿಕೆ ಇಲ್ಲದಿದ್ರೆ ಇದು ಎಂತ ಹಬ್ಬ ಮಾರಾಯ್ತಿ? ನೀನು ಅಕ್ಕಿ ಅರೆ."

ಆಶಾಲತಾಳಿಗೆ ಬೇಡವೆನ್ನಿಸಿದ್ದಕ್ಕೆ ಬೇರೆ ಕಾರಣವಿತ್ತು. ವಿಸಿಟ್ ವೀಸಾದಲ್ಲಿ ಬಂದಿದ್ದ ಅವಳ ತಂದೆ ತಾರಾನಾಥ ಜೂನ್ ತಿಂಗಳ ಸುಡುಬಿಸಿಲಿನಲ್ಲಿ ಇಲ್ಲಿಯೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಪೂಜಿತಾಳನ್ನು ಎದುರು ಮನೆಯಲ್ಲಿ ಬಿಟ್ಟು, ಅಜ್ಜ ಊರಿಗೆ ಹೋದರು ಎಂದಿದ್ದರು. ಹೋದದ್ದು ಹೌದು, ಪೆಟ್ಟಿಗೆಯಲ್ಲಿ. ನಿಜ ತಿಳಿದ ಮೇಲೆ ಮಗು ಅಳಲಿಲ್ಲ, ಏನೂ ಕೇಳಲಿಲ್ಲ. ಕೇಳದ ಮಗುವಿಗೆ ಏನು ಹೇಳುವುದೆಂದು ತಾಯಿಗೂ ಗೊತ್ತಾಗಿರಲಿಲ್ಲ.

ಲಿಲಿಯನ್ ಬಾಯಿ ಕಾಲು ಮಡಚಿ ಕೂತು ಶುರುಮಾಡಿದರು.

"ಈ ಹಬ್ಬವನ್ನು ಚಾಕಲೇಟು ಅಂಗಡಿಯವರು ಮಾಡಿದ್ದಲ್ಲ ಮಕ್ಕಳೇ... ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಬುದೈಯಾದಲ್ಲಿ ಒಬ್ಬಳು ಐರ್ಲೆಂಡಿನ ಮೇಡಂ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ತಿದ್ದೆ, ಅವಳು ಹೇಳಿದ್ದು. ಅವರ ಊರಲ್ಲಿ ಹಿಂದೆಲ್ಲ ಬೆಳೆ ಕೊಯ್ದಾಯ್ತು, ದನಗಳನ್ನು ಗುಡ್ಡದಿಂದ ಇಳಿಸಿ ಹಟ್ಟಿಯಲ್ಲಿ ಕಟ್ಟಿಯಾಯ್ತು, ಇನ್ನು ಚಳಿ, ಇನ್ನು ಕತ್ತಲೆ ಅನ್ನುವಾಗ ಬರುವ ಈ ಒಂದು ರಾತ್ರಿ, ಸತ್ತವರಿಗೆ ಮನೆಯ ದಾರಿ ತೆರೀತದಂತೆ. ಬರ್ತಾರೆ... ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಅವರಿಗೆ ಅಂತ ಊಟ ತೆಗೆದಿಡುವುದು, ದೀಪ ಇಡುವುದು. ಈಗ ನೀವು ಕುಂಬಳಕಾಯಿ ಕೊರೀತೀರಲ್ಲ, ಆಗ ಅವರು ಟರ್ನಿಪ್ ಗೆಡ್ಡೆ ಕೊರೀತಿದ್ರು. ಕುಂಬಳ ಸಿಕ್ಕಿದ್ದು ಅಮೆರಿಕಕ್ಕೆ ಹೋದ ಮೇಲೆ. ಆಮೇಲೆ ನಮ್ಮ ಇಗರ್ಜಿಯವರು ಮರುದಿನವನ್ನು ಸಂತರಿಗೆ, ಅದರ ಮರುದಿನವನ್ನು ಸತ್ತವರಿಗೆ ಅಂತ ಇಟ್ಟರು. ಬಡವರ ಮಕ್ಕಳು ಮನೆ ಮನೆಗೆ ಹೋಗಿ, ಆ ಮನೆಯಲ್ಲಿ ಸತ್ತವರಿಗೋಸ್ಕರ ಪ್ರಾರ್ಥನೆ ಹೇಳಿ, ಸಿಹಿ ರೊಟ್ಟಿ ಇಸಕೊಂಡು ಬರ್ತಿದ್ದವು. ಅದೇ ಈಗ ನಿಮ್ಮ ಚಾಕಲೇಟು."

"ನಮ್ಮ ಗರ್ಗಾವುನ್‌ನಲ್ಲಿಯೂ ಮನೆ ಮನೆಗೆ ಹೋಗ್ತೇವೆ," ಎಂದಳು ನಸೀಹಾ. "ಆದ್ರೆ ಅದು ರಂಝಾನಿನಲ್ಲಿ. ದೆವ್ವ ಇಲ್ಲ, ಬರೇ ನೆಲಗಡಲೆ."

"ಒಳ್ಳೆಯದೇ ಆಯ್ತು. ನೆಲಗಡಲೆ ನಮ್ಮ ಹಿಂದೆ ಬರುವುದಿಲ್ಲ."

ಆಶಾಲತಾ ಮಿಕ್ಸಿ ನಿಲ್ಲಿಸಿದಳು. ಉಡುಪಿಯ ಮನೆಯಲ್ಲಿಯೂ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯುವುದಿತ್ತು. ಈ ಸಲ ಅಪ್ಪನಿಗೆ ತನ್ನ ತಮ್ಮ ಬಡಿಸಿದ್ದನ್ನು ಅವಳು ವೀಡಿಯೊದಲ್ಲಿ ನೋಡಿದ್ದಳು. ಜೀವ ಹೋದದ್ದು ಇಲ್ಲಿ, ಎಲೆ ಹಾಕಿದ್ದು ಅಲ್ಲಿ. ಒಬ್ಬರೇ ರಸ್ತೆ ದಾಟಲೂ ಹಿಂಜರಿಯುತ್ತಿದ್ದ ಅಪ್ಪನಿಗೆ ಅಷ್ಟು ದೂರದ ದಾರಿ ತಿಳಿಯಿತೋ ಇಲ್ಲವೋ ಎಂದು ಆ ದಿನವೆಲ್ಲ ಅವಳಿಗೆ ಊಟ ಸೇರಿರಲಿಲ್ಲ.

"ಮಾಸ್ಕ್ ಯಾಕೆ ಹಾಕುದು?" ಪೂಜಿತಾ ಕೇಳಿದಳು.

"ಬಂದವರಿಗೆ ನಮ್ಮ ಗುರುತು ಸಿಗಬಾರದಲ್ಲ ಮಗಾ. ಮುಖಕ್ಕೆ ಬೂದಿ ಬಳಿದುಕೊಳ್ಳುವುದು, ಪ್ರಾಣಿಯ ಚರ್ಮ ಹೊದೆಯುವುದು, ಎಲ್ಲ ಅದಕ್ಕೇ. ಗುರುತು ಸಿಕ್ಕಿದರೆ... ತಮ್ಮವರನ್ನು ಬಿಟ್ಟು ವಾಪಸ್ ಹೋಗಲಿಕ್ಕೆ ಅವರಿಗೆ ಮನಸ್ಸು ಬಂದೀತಾ?"

ಆಶಾಲತಾ ಕೈ ಒರೆಸುತ್ತಾ ಅಡಿಗೆಮನೆಯ ಬಾಗಿಲಿಗೆ ಬಂದಳು. ನಸೀಹಾ ಸೋಫಾದ ದಿಂಬನ್ನು ಅವುಚಿಕೊಂಡಿದ್ದಳು. ಪೂಜಿತಾ ಹಾಗಿರಲಿಲ್ಲ. ಟೀಚರ್ ಹೇಳಿದ್ದನ್ನು ಬಾಯಿಪಾಠ ಮಾಡಿಕೊಳ್ಳುವಾಗಿನ ಹಾಗೆ ಅವಳ ತುಟಿಗಳು ಮೆಲ್ಲಗೆ ಆಡುತ್ತಿದ್ದವು.

"ಇಲ್ಲೇ, ಮಸೀದಿಯ ಹಿಂದಿನ ಕಟ್ಟಡದಲ್ಲಿ ಸಂದೇಶ್ ಅಂತ ಒಬ್ಬರಿದ್ದರು, ಸೀಫ್‌ನಲ್ಲಿ ಆಫೀಸು ಕೆಲಸ. ಹೆಂಡತಿ ಇಲ್ಲಿಯೇ ಕಾಯಿಲೆಯಲ್ಲಿ ಹೋದಳು, ಹೆಣವನ್ನು ಊರಿಗೆ ಕಳಿಸಿದರು. ಮಗಳು ಶ್ರೀಜಾ, ನಿಮ್ಮಷ್ಟೇ ದೊಡ್ಡವಳು. ತಾಯಿಯ ಮುಖವನ್ನು ಕೊನೆಗೊಮ್ಮೆ ಅವಳಿಗೆ ಯಾರೂ ತೋರಿಸಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಇರ್ತಿದ್ದಳು. ಆ ವರ್ಷ ಇದೇ ಹಬ್ಬಕ್ಕೆ ಮಕ್ಕಳೆಲ್ಲ ಸಾಲಾಗಿ ಮೆಟ್ಟಿಲು ಹತ್ತುವಾಗ, ನಾನು ಜೊತೆಗಿದ್ದೆ, ಈ ಹುಡುಗಿ ಪ್ರತಿ ಬಾಗಿಲಲ್ಲಿಯೂ ಮುಖವಾಡ ತೆಗೀತಾಳೆ. ಹಾಕಿಕೋ ಮಗಾ, ಅಂದೆ. 'ಹಾಕಿದ್ರೆ ಅಮ್ಮನಿಗೆ ನಾನು ಅಂತ ಹೇಗೆ ಗೊತ್ತಾಗ್ತದೆ?' ಅಂದಳು. ಆಮೇಲೆ ನೋಡ್ತೇನೆ, ಸಾಲಿನ ಕೊನೆಗೆ ಬಿಳಿ ಬಟ್ಟೆ ಹೊದ್ದವರು ಒಬ್ಬರು. ಯಾರದೋ ದೊಡ್ಡ ಅಕ್ಕ ಇರಬೇಕು ಅಂದುಕೊಂಡೆ. ಈ ರಾತ್ರಿ ಮುಖ ಮುಚ್ಚಿಕೊಂಡು ಬಂದವರನ್ನು ನೀವು ಯಾರು ಅಂತ ಕೇಳುವ ಕ್ರಮ ಉಂಟಾ? ಇಲ್ಲ. ಚಾಕಲೇಟಿಗೆ ಅವರು ಕೈ ಒಡ್ಡಲಿಲ್ಲ. ನಡೆಯುವಾಗ ಮಾತ್ರ... ಹೆಣದ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ತಾರಲ್ಲ, ಹಾಗೆ ಕಟ್ಟಿದವರ ಹಾಗೆ ಸಣ್ಣ ಸಣ್ಣ ಹೆಜ್ಜೆ."

"ಬಾಯಮ್ಮ, ಸಾಕು," ಎಂದಳು ಆಶಾಲತಾ.

"ನಿಲ್ಲಿಸ್ಬೇಡಿ," ಎಂದಳು ಪೂಜಿತಾ. "ಆಮೇಲೆ? ಬಂದ್ರಾ?"

"ಮರುದಿನ ಬೆಳಿಗ್ಗೆ ಹುಡುಗಿಯ ತಲೆಯಲ್ಲಿ ಎರಡು ಜಡೆ. ಬೈತಲೆ ಸೀದಾ, ತುದಿ ಮಡಚಿ ಕಟ್ಟಿದ್ದು. ಅಪ್ಪ ಹಾಕಿದ್ದು ಅಂತ ನಾನು, ನಾನು ಹಾಕಿದ್ದು ಅಂತ ಅಪ್ಪ. ಇಬ್ಬರೂ ಮಾತಾಡಿಕೊಂಡದ್ದು ಎಷ್ಟೋ ದಿನದ ಮೇಲೆ... ಅಷ್ಟರಲ್ಲಿ ಹುಡುಗಿ ನಮ್ಮ ಕೈಯ ಊಟ ಬಿಟ್ಟಿದ್ದಳು. ಅಮ್ಮ ಕೊಟ್ಟಳು, ಹೊಟ್ಟೆ ತುಂಬಿದೆ ಅಂತಾಳೆ, ನೋಡಿದರೆ ಕೈಕಾಲು ಕಡ್ಡಿ. ಜಡೆ ದಿನ ದಿನ ಬಿಗಿ. ಕಣ್ಣಿನ ಕೊನೆ ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿ. ತಾಯಿ ಕೆಟ್ಟವಳಲ್ಲ ಮಕ್ಕಳೇ, ಎಂತ ಒಳ್ಳೆಯ ಹೆಂಗಸು ಅದು... ಆದರೆ ಬಿಡಲಿಕ್ಕೆ ಆಗುವುದಿಲ್ಲವಲ್ಲ. ಕೊನೆಗೆ ಸಂದೇಶ್ ಕೆಲಸ ಬಿಟ್ಟು, ಮಗಳನ್ನು ಎತ್ತಿಕೊಂಡು ಊರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಹುಡುಗಿ ಕೇಳಿದಳು, 'ಅಮ್ಮನ ವೀಸಾ ಕ್ಯಾನ್ಸಲ್ ಆಗಿದೆಯಲ್ಲ ಪಪ್ಪಾ, ಅಮ್ಮನನ್ನು ಬಿಡ್ತಾರಾ?'"

ನಸೀಹಾ ನಗಲು ಹೋಗಿ ನಿಲ್ಲಿಸಿದಳು.

"ಹುಡುಗಿ ಉಳಿದಳು. ಈಗ ಮಂಗಳೂರಲ್ಲಿ ಚೆನ್ನಾಗಿದ್ದಾಳೆ. ತಾಯಿಯೇ ಇಲ್ಲಿ ಉಳಿದದ್ದು. ಈಗಲೂ ಈ ರಾತ್ರಿ ಮಕ್ಕಳ ಸಾಲಿನ ಕೊನೆಗೆ ಯಾರೋ ಒಬ್ಬರು ಹೆಚ್ಚು ಇರ್ತಾರೆ... ಒಬ್ಬರೋ, ಇಬ್ಬರೋ. ಈ ದೇಶದಲ್ಲಿ ಪೆಟ್ಟಿಗೆಯಲ್ಲಿ ಊರಿಗೆ ಹೋದವರು ಕಡಿಮೆಯಾ?"

ಬಾಂಗ್ ಮುಗಿದಿತ್ತು. ಕೆಳಗಿನ ಮಹಡಿಯಲ್ಲಿ ಬಾಗಿಲು ಬಡಿಯುವ, ಮಕ್ಕಳು ಕೂಗುವ ಸದ್ದು ಒಂದೊಂದೇ ಮೆಟ್ಟಿಲು ಮೇಲೆ ಬರುತ್ತಿತ್ತು.

ಪೂಜಿತಾ ಮೆತ್ತಗೆ ಕೇಳಿದಳು. "ಪೂರ್ತಿ ಮುಖ ತೋರಿಸ್ಬೇಕಾ ಗ್ರ್ಯಾನಿ? ಅಜ್ಜನಿಗೆ ಕನ್ನಡಕ ಇಲ್ಲದೆ ಸರಿ ಕಾಣುದಿಲ್ಲ."

ಲಿಲಿಯನ್ ಬಾಯಿಯ ಮುಖದಿಂದ ಕತೆಯ ಗತ್ತು ಇಳಿದುಹೋಯಿತು. ಅವರು ಆಶಾಲತಾಳ ಕಡೆ ತಿರುಗುವಷ್ಟರಲ್ಲಿ ಬೆಲ್ ಆಯಿತು. ಪೂಜಿತಾ ಬೆಕ್ಕಿನ ಮುಖವಾಡವನ್ನು ಕಳಚಿ ಸೋಫಾದ ಮೇಲೆ ಎಸೆದು, ಓಡಿಹೋಗಿ ಬಾಗಿಲು ತೆರೆದಳು.

ಆಶಾಲತಾ ಕುರ್ಚಿಯ ಮೇಲಿನ ಒದ್ದೆ ಬಟ್ಟೆಗಳನ್ನು ಬೀಳಿಸುತ್ತಾ ಹಿಂದೆಯೇ ಓಡಿದಳು. ಮಗಳನ್ನು ಒಂದೇ ಕೈಯಲ್ಲಿ ಎಳೆದು ಎದೆಗೆ ಒತ್ತಿಕೊಂಡು, ಒರೆಸಿದರೂ ಹಿಟ್ಟು ಅಂಟಿದ್ದ ಅದೇ ಅಂಗೈಯನ್ನು ಅವಳ ಮುಖಕ್ಕೆ ಅಡ್ಡ ಹಿಡಿದಳು. "ಅಮ್ಮ, ಬಿಡು, ಅಜ್ಜನಿಗೆ ಕಾಣ್ಬೇಕು," ಎಂದು ಮಗು ಬೆರಳುಗಳ ನಡುವಿನಿಂದ ಅಳಲು ಶುರುಮಾಡಿತು. ಜೂನ್‌ನಿಂದ ಈಚೆಗೆ ಅದು ಅತ್ತದ್ದು ಇದೇ ಮೊದಲು. ಹೊಸ್ತಿಲ ಆಚೆ ಚೀಲ ಹಿಡಿದ ಮಕ್ಕಳು ಮುಖವಾಡಗಳೊಳಗಿಂದ ಪಿಳಿಪಿಳಿ ನೋಡುತ್ತಿದ್ದರು. ಅವರ ಬೆನ್ನ ಹಿಂದೆ, ದೀಪವಿಲ್ಲದ ಮೆಟ್ಟಿಲಿನ ತಿರುವಿನಲ್ಲಿ, ಇನ್ನೂ ಯಾರೋ ಮೇಲೆ ಬರುತ್ತಿದ್ದರು. ವಯಸ್ಸಾದವರ ಹಾಗೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹತ್ತುತ್ತಿದ್ದರು.

ಲಿಲಿಯನ್ ಬಾಯಿ ಸೋಫಾದಿಂದ ಏಳಲಿಲ್ಲ. ಕತೆ ಹೇಳಿದ ದನಿಯಲ್ಲಿಯೇ ಕೇಳಿದರು.

"ಮಗುವಿನ ಮುಖ ಮುಚ್ಚಿದೆ, ಒಳ್ಳೆಯದಾಯ್ತು ಆಶಾ... ನಿನ್ನದು?"

ಆಶಾಲತಾಳ ಇನ್ನೊಂದು ಕೈ ಖಾಲಿಯೇ ಇತ್ತು. ಅವಳು ಅದನ್ನು ಮುಖಕ್ಕೆ ಎತ್ತಲಿಲ್ಲ.