ಕೇಳಿದಷ್ಟೇ ಕೊಡುವ ಚಾರ್ಜರ್

ಆಪರೇಷನ್ ಕೋಣೆಯ ಹೊರಗೆ ಗಂಡನಿಗಾಗಿ ಕಾಯುತ್ತಿದ್ದ ದರ್ಜಿ ಹೆಂಗಸಿನ ಎದುರು ಅಕ್ಕ ತಮ್ಮ ಇಬ್ಬರು ಕೂತಿದ್ದರು. ನಡುವಿನ ಮೇಜಿನಲ್ಲಿ, ವೈರಿಲ್ಲದ ಚಾರ್ಜರಿನ ಮೇಲೆ, ಒಳಗೆ ಆಪರೇಷನ್ ಆಗುತ್ತಿದ್ದ ಅವರ ಅಮ್ಮನ ಹಳೆಯ ಫೋನಿತ್ತು.

“ಮೂರು ಪರ್ಸೆಂಟ್ ಬಿಟ್ಟು ಮೇಲೇಳ್ತಾನೇ ಇಲ್ವಲ್ಲೋ! ಡಾಕ್ಟರು ಈಗ್ಲೇ ಫೋನ್ ಮಾಡಿದ್ರೆ?”

“ಫಾರಂನಲ್ಲಿ ಅಮ್ಮನ ನಂಬರ್ ಯಾಕೆ ಬರೆದೆ?”

“ಗಾಬರೀಲಿ ನೆನಪಾಗಿದ್ದು ಅದೊಂದೇ. ನಿನ್ನ ಫೋನ್ ಇದರ ಮೇಲೇ ದಡದಡ ಏರ್ತು, ಇದಕ್ಕೇನು ದಾಡಿ?”

“ಚಾರ್ಜರ್ ತಾನಾಗೇ ತುಂಬಲ್ಲ ಅಕ್ಕಾ. ಎಷ್ಟು ಬೇಕು ಅಂತ ಫೋನೇ ಹೇಳ್ಬೇಕು, ಅದು ಅಷ್ಟೇ ಕೊಡೋದು. ಬಿಸಿಯಾದ್ರೆ ಫೋನು ಇನ್ನೂ ಕಮ್ಮಿ ಕೇಳುತ್ತೆ.”

“ಮುಟ್ಟಿ ನೋಡು, ಸುಡ್ತಿದೆ.”

“ಹಾಗಾದ್ರೆ ಈ ದಪ್ಪ ಕವರ್ ತೆಗಿ ಮೊದ್ಲು.”

“ಅಮ್ಮನೂ ಹೀಗೇ ಕಣೋ. ನೋವು ಎಷ್ಟಿದೆ ಅಂದಾಗೆಲ್ಲ ‘ಸ್ವಲ್ಪ’ ಅಂದ್ಲು. ನಾವೂ ಸ್ವಲ್ಪ ನೋವಿನ ಮಾತ್ರೇನೇ ಕೊಡ್ತಾ ಕೂತ್ವಿ.”

ತಮ್ಮನೇ ಕವರ್ ಕಳಚಿ, ಫೋನನ್ನು ತಣ್ಣನೆಯ ಗೋಡೆಗೆ ಒತ್ತಿ ಹಿಡಿದು, ಮತ್ತೆ ಚಾರ್ಜರಿನ ನಟ್ಟನಡುವೆ ಇಟ್ಟ. ನಾಲ್ಕಾಯಿತು. ಆರಾಯಿತು. ದರ್ಜಿ ಹೆಂಗಸೂ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಹೌದು, ನಾನು ಅವರ ಮಗಳು... ಹ್ಞೂಂ... ಹ್ಞೂಂ.”

“ಏನಂತೆ? ಹೇಳೇ!”

“ಕಣ್ಣು ಬಿಟ್ಟಿದ್ದಾಳಂತೆ. ನಮ್ಮಿಬ್ರನ್ನೂ ಕೇಳ್ತಿದ್ದಾಳಂತೆ.”

“ಅಳ್ತಾ ಒಳಗೆ ಬರ್ಬೇಡ, ಕಣ್ಣು ಒರೆಸ್ಕೋ.”

“ನೀನು ಮೊದ್ಲು ಒರೆಸ್ಕೋ.”

ಇಬ್ಬರೂ ಒರೆಸಿಕೊಳ್ಳದೆಯೇ ಓಡಿದರು.