ಬೋರಲು ಕಲ್ಲಿನ ಒಲೆ

ಇದನ್ನ ಯಾರ ಹತ್ರನೂ ಬಾಯಿ ಬಿಡಬಾರದು ಅಂತ ನಮ್ಮಜ್ಜಿ ನನ್ನ ಕೈಲಿ ರೊಟ್ಟಿ ಮುಟ್ಟಿಸಿ ಆಣೆ ಮಾಡಿಸ್ಕೊಂಡಿದ್ಲು. ರೊಟ್ಟಿ ಮೇಲಿನ ಆಣೆ ಅಂದ್ರೆ ನಮ್ಮಲ್ಲಿ ಸುಮ್ನೆ ಅಲ್ಲ. ಆದ್ರೂ ಹೇಳ್ತೀನಿ... ಮಧ್ಯದಲ್ಲಿ ಯಾರೂ ನಗಬೇಡಿ. ನಕ್ಕರೆ ನಂಗೆ ಮುಂದೆ ಹೇಳಕ್ಕಾಗಲ್ಲ.

ನಮ್ಮತ್ತೆ ಮಗಳು ಬುರುಲಕ್ಕ. ನಾರಿನ್‌ನಲ್ಲಿ ಪೇಟೆ ಹಾಸ್ಟೆಲಲ್ಲಿದ್ಕೊಂಡು ಓದ್ತಿದ್ಲು. ರಜಕ್ಕೆ ನಮ್ಮನೆಗೆ ಬಂದಿದ್ಲು. ಮೇಲಿನ ಹುಲ್ಲುಗಾವಲಿಂದ ಎಲ್ಲರೂ ಇಳಿದು ಬಂದಾಗಿತ್ತು, ಮೊದಲ ಹಿಮ ಬಿದ್ದಾಗಿತ್ತು. ನಮ್ಮ ಎರಡು ಹೆಣ್ಣುಕುದುರೆ ಮಾತ್ರ ಮೇಲೇ ಉಳ್ಕೊಂಡಿದ್ವು. ಅವನ್ನ ಹುಡುಕಕ್ಕೆ ಇಶೆನ್ ಚಿಕ್ಕಪ್ಪ ಹೊರಟ. ಬುರುಲಕ್ಕ ನಾನೂ ಬರ್ತೀನಿ ಅಂತ ಹಟ ಹಿಡಿದು ಇನ್ನೊಂದು ಕುದುರೆ ಹತ್ತಿದ್ಲು. ನಂಗೆ ಅವನು ಚಿಕ್ಕಪ್ಪ, ಅವಳಿಗೆ ಸೋದರಮಾವ.

ದಾರೀಲಿ ಮಧ್ಯಾಹ್ನ ಚಹಾ ಕಾಯಿಸೋಣ ಅಂತ ನಿಂತ್ರು. ಚಿಕ್ಕಪ್ಪ ಬೆಂಕಿಪೊಟ್ಟಣ ಜೇಬಲ್ಲೇ ಇಟ್ಕೊಂಡು ಸೊಂಟದ ಚೀಲದಿಂದ ಚಕಮಕಿ ತೆಗೆದು ಅವಳ ಕೈಗಿಟ್ಟ.

"ಹಚ್ಚು ನೋಡೋಣ, ಹಾಸ್ಟೆಲ್ ರಾಣಿ."

"ಬೆಂಕಿಪೊಟ್ಟಣ ಇದೆಯಲ್ಲ ಮಾವ!"

"ಪೊಟ್ಟಣ ಒದ್ದೆಯಾದ್ರೆ? ಪುಸ್ತಕ ಉಜ್ಜಿ ಹಚ್ತೀಯಾ?"

ಕಲ್ಲಿನ ಅಂಚಿನ ಮೇಲೆ ಒಣ ಬೇರಿನ ನಾರು ಇಟ್ಟು ಹೆಬ್ಬೆಟ್ಟಲ್ಲಿ ಒತ್ತಿ ಹಿಡೀಬೇಕು. ಕಬ್ಬಿಣದ ತುಂಡಲ್ಲಿ ಮೇಲಿಂದ ಕೆಳಕ್ಕೆ ಸವರಿದಂಗೆ ಹೊಡೀಬೇಕು. ಬುರುಲಕ್ಕ ಗುದ್ದಿದಂಗೆ ಹೊಡೆದ್ಲು. ಹೆಬ್ಬೆಟ್ಟು ಕಿತ್ತು ರಕ್ತ ಬಂತು. ಕಿಡಿ ಬರಲಿಲ್ಲ.

"ನೊಣ ಹೊಡೀತಿದೀಯಾ? ಕಲ್ಲಿನ ಸಿಪ್ಪೆ ಕೆತ್ತಿದಂಗೆ ಹೊಡಿ. ಕಿಡಿ ಕೂತ್ಮೇಲೆ ಒಣಹುಲ್ಲಿನ ಗೂಡಲ್ಲಿಟ್ಟು ಊದು. ಪುಸ್ಸ್ ಅಂತಲ್ಲ... ಉದ್ದಕ್ಕೆ, ಸಣ್ಣಕ್ಕೆ. ಮಗೂಗೆ ಬಿಸಿ ಹಾಲು ಆರಿಸ್ತೀವಲ್ಲ, ಹಂಗೆ."

ಕೊನೆಗೂ ಬರಲಿಲ್ಲ. ಅವನೇ ಕಡ್ಡಿ ಗೀರಿ ಹಚ್ಚಿದ. "ನಿನ್ನ ಮದುವೆ ಆಗೋನು ಹಸಿ ಮಾಂಸ ತಿಂತಾನೆ ಬಿಡು," ಅಂದ. ಅವಳು ಮುನಿಸ್ಕೊಂಡು ಚಕಮಕಿನ ತನ್ನ ಜೀನಿನ ಚೀಲಕ್ಕೆ ತುರುಕಿದ್ಲು.

ಕುದುರೆ ಸಿಗಲಿಲ್ಲ. ಕತ್ತಲಾಗ್ತಾ ವಾಪಸ್ ಬರ್ತಿದ್ರು. ಬುಗ್ಗೆ ಹತ್ರ ಒಂಟಿ ಆರ್ಚ ಮರ ಇದೆ, ನಮ್ಮ ಬೆಟ್ಟದ ಸೂಜಿಎಲೆ ಮರ. ಹರಕೆ ಹೊತ್ತೋರು ಅದಕ್ಕೆ ಬಟ್ಟೆ ಚೂರು ಕಟ್ಟಿರ್ತಾರೆ. ಗಾಳಿ ಇರಲಿಲ್ಲ. ಆದ್ರೂ ಆ ಚೂರುಗಳು... ಫಟ ಫಟ, ಫಟ ಫಟ... ಅಂತಿದ್ವು. ಚಿಕ್ಕಪ್ಪನ ಕುದುರೆ ಅಲ್ಲೇ ಬೆಚ್ಚಿತು. ಹಿಂದಕ್ಕೆ ವಾಲಿ ತೊರೆಗೆ ಬಿತ್ತು, ಅವನ ಸಮೇತ. ಕಟ್ ಅಂತ ಸದ್ದು. ಕೊಂಬೆ ಮುರಿದಂಗೆ. ಕೊಂಬೆ ಅಲ್ಲ... ಅವನ ತೊಡೆ ಮೂಳೆ. ಕುದುರೆ ಎದ್ದು ಕತ್ತಲಲ್ಲಿ ಓಡಿಹೋಯ್ತು.

ಬುರುಲಕ್ಕ ಅವನ ಕಂಕುಳಿಗೆ ಕೈ ಹಾಕಿ ಎಳೆದ್ಲು. ಸ್ವಲ್ಪ ಮೇಲೆ ಚಾಚಿದ ಬಂಡೆ ಇತ್ತು, ಅದರ ಕೆಳಗೆ ತಂದು ಮಲಗಿಸಿದ್ಲು. ಅವನ ಬಟ್ಟೆ ಎಲ್ಲಾ ಒದ್ದೆ. ಆಗಲೇ ಬಟ್ಟೆ ಗರಿಗರಿ ಅಂತ ಮಂಜುಗಟ್ಟಕ್ಕೆ ಶುರುವಾಗಿತ್ತು. ಜೇಬಲ್ಲಿ ಬೆಂಕಿಪೊಟ್ಟಣ ಮುದ್ದೆ.

"ಮನೆಗೆ ಓಡಿ ಯಾರನ್ನಾದ್ರೂ ಕರೀಲಾ ಮಾವ?"

"ನೀನು ಬರೋಷ್ಟ್ರಲ್ಲಿ ನಾನು ಹೆಪ್ಪುಗಟ್ಟಿದ ಕುರಿ ಆಗಿರ್ತೀನಿ. ಮೊದ್ಲು ಬೆಂಕಿ. ನಿನ್ನ ಜೀನಿನ ಚೀಲದಲ್ಲಿ ಚಕಮಕಿ ಇದೆ."

ಅವನ ಹಲ್ಲು ಕಟಕಟ ಅಂತಿತ್ತು. ಆಮೇಲೆ ಅದೂ ನಿಂತು ಹೋಯ್ತು. ಅದು ಒಳ್ಳೇದಲ್ಲ ಅಂತ ಅವಳಿಗೆ ಗೊತ್ತಿತ್ತು.

ಆರ್ಚ ಮರದ ಒಳಗಡೆ ಒಣಗಿದ ಪುಳ್ಳೆ ಮುರ್ಕೊಂಡ್ಲು. ಬಂಡೆ ಸಂದೀಲಿ ಒಣ ಲದ್ದಿ ಸಿಕ್ತು, ಹುಲ್ಲು ಸಿಕ್ತು. ಹಿಮ ಸರಿಸಿದಾಗ ಮೂರು ಕಲ್ಲು ಕಂಡ್ವು. ಮೂರೂ ಬೋರಲು ಬಿದ್ದಿದ್ವು. ತಿರುಗಿಸಿದ್ಲು. ಕೆಳಗಡೆ ಮುಖ ಮಸಿ ಹಿಡಿದು ಕಪ್ಪಗಿತ್ತು. ಯಾರೋ ಇಲ್ಲಿ ಒಲೆ ಹೂಡಿದ್ರು, ಒಳ್ಳೇ ಜಾಗವೇ ಇರ್ಬೇಕು ಅಂತ ಅವಳಿಗೆ ಸಂತೋಷ ಆಯ್ತು.

ಚಟ್... ಚಟ್... ಚಟ್...

ಕಿಡಿ ನಾರಿನ ಮೇಲೆ ಕೂತ್ಕೊಂತು. ಉದ್ದಕ್ಕೆ, ಸಣ್ಣಕ್ಕೆ ಊದಿದ್ಲು. ಹುಲ್ಲು ಕೆಂಪಾಯ್ತು, ಹೊಗೆಯಾಡ್ತು... ಭಗ್ ಅಂತು!

"ಬಂತು ಮಾವ! ಬಂತು!" ಅವಳು ಅಳ್ತಾ ನಗ್ತಿದ್ಲು.

ಪುಳ್ಳೆ ಪಟಪಟ ಅಂತ ಉರೀತು. ಅವನ ಮುಖಕ್ಕೆ ಬಣ್ಣ ಬಂತು. ಕಣ್ಣು ಬಿಟ್ಟ. ಒಲೆ ನೋಡಿದ. ನೋಡ್ತಾನೇ ಇದ್ದ.

"ಬುರುಲ್... ಆ ಕಲ್ಲು ಹೇಗಿದ್ವು?"

"ಬೋರಲಾಗಿದ್ವು. ನಾನೇ ತಿರುಗಿಸ್ದೆ."

ಅವನು ಮೊಣಕೈ ಊರಿ ಒಲೆಯಿಂದ ಹಿಂದಕ್ಕೆ ಸರಿಯಕ್ಕೆ ನೋಡಿದ. ಆಮೇಲೆ ಪಿಸುಗುಟ್ಟಿದ. "ಆರಿಸು."

"ಏನು?"

"ಮನೇಲಿ ಒಬ್ರೂ ಉಳೀದೇ ಇದ್ರೆ ಒಲೆಕಲ್ಲು ಬೋರಲು ಹಾಕ್ತಾರೆ. ಆ ಒಲೆ ಮತ್ತೆ ಹಚ್ಚಬಾರ್ದು. ಇಲ್ಲಿ... ನಮ್ಮಜ್ಜಿ ಕಾಲದಲ್ಲಿ ದಂಡಿಗೆ ಹೆದರಿ ಊರೂರೇ ಕಣಿವೆ ದಾಟಿ ಓಡಿಹೋಗ್ವಾಗ ಒಂದು ಸಂಸಾರ ಇಲ್ಲಿ ಅಡಗಿತ್ತು. ಮಗು ಚಳಿಗೆ ನೀಲಿಯಾಯ್ತು ಅಂತ ಬೆಂಕಿ ಹಚ್ಚಿದ್ರು. ಬೆನ್ನಟ್ಟಿ ಬಂದ ಕುದುರೆ ಸವಾರರಿಗೆ ಬೆಳಕು ಕಾಣ್ತು. ಎಲ್ಲರನ್ನೂ ಕಡಿದು ಹಾಕಿದ್ರು... ಆರಿಸು ತಾಯಿ."

"ಆರಿಸಿದ್ರೆ ನೀನು ಸಾಯ್ತೀಯ."

"ಆರಿಸ್ದಿದ್ರೆ ಇಬ್ರೂ."

ಅಷ್ಟರಲ್ಲಿ ಬುರುಲಕ್ಕನ ಹೆಗಲ ಮೇಲಿಂದ ಒಂದು ಕೈ ಬಂತು. ಹೆಂಗಸಿನ ಕೈ. ಬಳೆ ಇತ್ತು. ಸೀದಾ ಹೋಗಿ ಬೆಂಕಿ ಮೇಲೆ ಅಂಗೈ ಇಟ್ಟಿತು.

ಚೊಯ್‌ಯ್‌ಯ್...

ಚರ್ಮ ಸುಟ್ಟ ವಾಸನೆ. ಇನ್ನೊಂದು ಕೈ ಬುರುಲಕ್ಕನ ಬಾಯಿ ಮುಚ್ಚಿತು. ಕಿವೀಲಿ ಪಿಸುಮಾತು, "ಶ್‌ಶ್... ಕಾಣುತ್ತೆ... ಅವ್ರಿಗೆ ಕಾಣುತ್ತೆ..."

ಬುರುಲಕ್ಕ ಆ ಕೈ ಕಚ್ಚಿದ್ಲು. ಬಾಯಿ ತುಂಬ ಬೂದಿ. ಮೊಣಕೈಲಿ ತಿವಿದ್ಲು. ಆ ಹೆಂಗಸು ಅವಳ ಜಡೆ ಹಿಡಿದು ತಲೇನ ಬಂಡೆಗೆ ಹೊಡೆದ್ಲು. ಒಂದ್ಸಲ. ಇನ್ನೊಂದ್ಸಲ. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳೀತು. ಆಚೆಯಿಂದ ಒಬ್ಬ ಮುದುಕ ಟೋಪಿ ತುಂಬ ಹಿಮ ತಂದು ಬೆಂಕಿಗೆ ಸುರೀತಿದ್ದ. ಅವನ ಗಂಟಲು ಈ ಕಿವಿಯಿಂದ ಆ ಕಿವಿವರೆಗೆ ಬಾಯಿ ಬಿಟ್ಕೊಂಡಿತ್ತು. ಉಸಿರಾಡ್ದಾಗೆಲ್ಲ ಅಲ್ಲಿಂದ... ಪೀ... ಪೀ... ಅಂತ ಸದ್ದು. ಅವನ ಹಿಂದೆ ಒಂದು ಚಿಕ್ಕ ಹುಡುಗಿ. ತನ್ನ ಬಾಯಿನ ತಾನೇ ಎರಡೂ ಕೈಲಿ ಮುಚ್ಕೊಂಡು ನಿಂತಿತ್ತು.

ಬೆಂಕಿ ಮಲಗ್ತಾ ಇತ್ತು. ಚಿಕ್ಕಪ್ಪನ ತುಟಿ ಮತ್ತೆ ನೀಲಿ.

ಬುರುಲಕ್ಕ ಚಕಮಕಿಯ ಕಬ್ಬಿಣ ತಗೊಂಡು ಆ ಹೆಂಗಸಿನ ಮುಖಕ್ಕೆ ಹೊಡೆದ್ಲು. ಟಣ್ ಅಂತು, ಖಾಲಿ ಹಂಡೆಗೆ ಹೊಡೆದಂಗೆ. ಅವಳು ಕಿರುಚಲಿಲ್ಲ. ಬರೀ "ಶ್‌ಶ್..." ಅಂದ್ಲು. ಬುರುಲಕ್ಕ ಮತ್ತೆ ಹೊಡೆದ್ಲು, ಉರಿಯೋ ಕೊಂಬೇಲಿ ಚುಚ್ಚಿದ್ಲು, ಮುದುಕನ ಎದೆಗೆ ಒದ್ದಳು. ಉಳಿದ ಪುಳ್ಳೆ ಎಲ್ಲಾ ಒಲೆಗೆ ಸುರಿದ್ಲು. ಬೆಂಕಿ ಆಳೆತ್ತರಕ್ಕೆ ಎದ್ದಿತು.

ಆಗ ಕೇಳಿಸ್ತು.

ಟಕ್... ಟಕ್... ಟಕ್... ಗೊರಸು. ನೀವೇ ಯೋಚ್ನೆ ಮಾಡಿ, ಹಿಮದ ಮೇಲೆ ಗೊರಸು ಸದ್ದೇ ಮಾಡಲ್ಲ. ಇದು ಬರೀ ಬಂಡೆ ಮೇಲೆ ನಡೆದಂಗೆ ಕೇಳ್ತಿತ್ತು. ಆ ಹೆಂಗಸು ಕೂಡ್ಲೇ ಇವಳನ್ನ ಬಿಟ್ಟು ಮಗೂನ ತಬ್ಬಿ ಕೂತ್ಬಿಟ್ಲು.

"ಎಷ್ಟು ಜನ ಮಾವ?"

"ನೋಡ್ಬೇಡ. ಅವ್ರಿಗೆ ಮನುಷ್ಯರು ಕಾಣಲ್ಲ. ಬೆಂಕಿ ಕಾಣುತ್ತೆ, ಅಷ್ಟೆ."

ಬುರುಲಕ್ಕ ಅವನ ಮುಖ ನೋಡಿದ್ಲು. ಒಲೆ ನೋಡಿದ್ಲು. ಕುರುಬರು ಚಳೀಲಿ ಮಲಗೋವಾಗ ಬೆಂಕಿ ಪಕ್ಕಕ್ಕೆ ಸರಿಸಿ ಕಾದ ನೆಲದ ಮೇಲೆ ಮಲಗ್ತಾರಲ್ಲ... ಅವಳು ಕೆಂಡ ಎಲ್ಲಾ ಪಕ್ಕಕ್ಕೆ ಎಳೆದು ಅವನನ್ನ ಆ ಬಿಸಿ ನೆಲದ ಮೇಲೆ ಉರುಳಿಸಿದ್ಲು. ಅವನು ಕೂಗಿದ. ಕಾಲು ಮುರಿದಿತ್ತಲ್ಲ. ಒದ್ದೆ ಕೋಟು ಕಿತ್ತು, ಜೀನಿನ ಕಂಬಳಿ, ತನ್ನ ಕೋಟು ಎರಡೂ ಹೊದಿಸಿದ್ಲು. ಆಮೇಲೆ ಬರಿಗೈಲಿ ಕೆಂಡ ಬಾಚಿ ಬಾಚಿ ಚಹಾ ಕೆಟಲಿಗೆ ತುಂಬಿದ್ಲು.

"ಏನ್ ಮಾಡ್ತಿದೀಯೇ? ಬುರುಲ್! ಏಯ್!"

"ನಾನೇ ಹಚ್ಚಿದ್ದಲ್ವಾ ಮಾವ. ನಾನೇ ತಗೊಂಡ್ ಹೋಗ್ತೀನಿ."

ಸವಾರರು ಬಂದೇಬಿಟ್ರು. ಮುಖ ಕಾಣಲಿಲ್ಲ, ಕತ್ತಿ ಕಾಣ್ತು. ಮೊದಲನೇ ಏಟಿಗೆ ಮುದುಕ ಬಿದ್ದ. ಸತ್ತೋನನ್ನೇ ಮತ್ತೆ ಕಡಿದ್ರು. ರಕ್ತ ಉಳಿದ ಕೆಂಡಕ್ಕೆ ಹಾರಿ ಚುರ್ ಅಂತು. ಆ ಹೆಂಗಸಿನ ಬಳೆ ಕೈ ಬೇರೆ ಕಡೆ ಬಿತ್ತು. ಮಗೂನ ಏನ್ ಮಾಡಿದ್ರು ಅಂತ ಚಿಕ್ಕಪ್ಪ ಇವತ್ತಿಗೂ ಹೇಳಿಲ್ಲ. ಒಂದು ಕತ್ತಿ ತಿರುಗಿ ಅವನ ಹೆಗಲಿಗೂ ಬಿತ್ತು.

ಅಷ್ಟರಲ್ಲಿ ಬುರುಲಕ್ಕ ತನ್ನ ಕುದುರೆ ಮೇಲಿದ್ಲು. ಕೆಟಲನ್ನ ತಲೆ ಮೇಲೆ ಎತ್ತಿ ಬೀಸಿದ್ಲು. ಕೆಂಡ ಧಗ್ ಅಂತ ಕೆಂಪಾಯ್ತು.

"ಏಯ್! ಬೆಂಕಿ ಇಲ್ಲಿದೆ! ಇಲ್ನೋಡ್ರೋ!"

ಎಲ್ಲಾ ಕುದುರೆಗಳೂ ಒಟ್ಟಿಗೆ ತಿರುಗಿದ್ವು.

ಇಲ್ಲೀವರೆಗಿಂದು ಚಿಕ್ಕಪ್ಪ ಹೇಳಿದ್ದು. ಮುಂದಿಂದು... ನಾನೇ ಕೇಳಿಸ್ಕೊಂಡಿದ್ದು.

ಕಣಿವೆ ಬಾಯಲ್ಲಿ ಮೊದಲು ಸಿಗೋದೇ ನಮ್ಮನೆ. ಅಜ್ಜಿ, ಅಪ್ಪ, ನಾನು ಒಲೆ ಮುಂದೆ ಕೂತಿದ್ವಿ. ನಾಯಿ ಬೊಗಳ್ತಾ ಇದ್ದಿದ್ದು ತಟ್ ಅಂತ ಸುಮ್ಮನಾಯ್ತು. ಒಂದು ಕುದುರೆ ಓಡಿ ಬಂದ ಸದ್ದು, ಧಪ ಧಪ ಅಂತ, ಹಿಮದ ಮೇಲೆ. ಆಮೇಲೆ ಬಾಗಿಲು ಬಡಿದ್ರು.

"ಅಜ್ಜೀ! ದೊಡ್ಡ ಮಾವ! ತೆಗೀರಿ!"

ಅಪ್ಪ ಎದ್ದ. ಅಜ್ಜಿ ಕಿಟಕಿ ಸಂದೀಲಿ ಇಣುಕಿದ್ಲು. ಹೊರಗೆ ಕೆಂಪು ಬೆಳಕು. ಅದರ ಹಿಂದೆ ದೂರದಲ್ಲಿ... ಟಕ್, ಟಕ್, ಟಕ್... ಅಜ್ಜಿ ಚಹಾ ಪಾತ್ರೆ ಎತ್ತಿ ನಮ್ಮ ಒಲೆಗೆ ಸುರಿದ್ಲು. ಬುಸ್ಸ್... ಕತ್ತಲೆ. ಮೂಲೇಲಿದ್ದ ಕೊಡಲಿ ತಗೊಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತ್ಲು.

"ಅವ್ವಾ! ನಮ್ಮ ಹುಡುಗಿ!" ಅಂದ ಅಪ್ಪ.

"ಆ ಒಲೆ ಬೆಂಕಿ ತಂದಿದಾಳೆ. ಹಿಂದೆ ಯಾರು ಬರ್ತಿದಾರೆ, ಕೇಳಿಸ್ತಿಲ್ವೇನೋ?"

"ನಿನ್ನ ಮಗಳ ಮಗಳು ಅವ್ವಾ..."

"ಒಳಗೂ ಒಂದು ಹುಡುಗಿ ಇದಾಳೆ," ಅಂದ್ಲು ಅಜ್ಜಿ.

ಅಪ್ಪ ಅವಳನ್ನ ತಳ್ಳಕ್ಕೆ ಹೋದ. ಅಜ್ಜಿ ಕೊಡಲಿ ಕಾವಲ್ಲಿ ಅವನ ಮಂಡಿಗೆ ಹೊಡೆದ್ಲು. ಹೆತ್ತ ಮಗನಿಗೆ. ಅವನು ಕುಸಿದು ಕೂತ. ನಾನು ಬಾಯಿ ತೆಗೆದೆ, ಅಜ್ಜಿ ಕೈ ಬಂದು ಮುಚ್ಚಿತು. ಬೂದಿ ವಾಸನೆ.

ಹೊರಗೆ ಬುರುಲಕ್ಕನಿಗೆ ಅರ್ಥ ಆಯ್ತು ಅನ್ಸುತ್ತೆ. ಬಡಿಯೋದು ನಿಲ್ಲಿಸಿದ್ಲು. ಬಾಗಿಲಿಗೆ ಬಾಯಿಟ್ಟು ಮೆಲ್ಲಗೆ ಅಂದ್ಲು, "ಮಾವ ಬದುಕಿದಾನೆ. ಬುಗ್ಗೆ ಮೇಲಿನ ಬಂಡೆ ಕೆಳಗಿದಾನೆ. ಬೆಳಗಾದ್ಮೇಲಾದ್ರೂ ಹೋಗಿ ಕರ್ಕೊಂಡ್ಬನ್ನಿ."

ಆಮೇಲೆ ಗೊರಸು ಸದ್ದು ಬಾಗಿಲವರೆಗೂ ಬಂತು. ಕಟ್. ಕಟ್. ಕಟ್. ಮರಕ್ಕೆ ಕಬ್ಬಿಣ ಬಿದ್ದ ಸದ್ದು. ಒಂದು ಸಲ ಮಾತ್ರ, ಮರ ಅಲ್ಲದ ಸದ್ದು.

ಬೆಳಿಗ್ಗೆ ಅಪ್ಪ ಕುಂಟ್ಕೊಂಡೇ ಹೋದ. ಚಿಕ್ಕಪ್ಪ ಸಿಕ್ಕಿದ. ಅವನ ಕೆಳಗಿನ ನೆಲ ಇನ್ನೂ ಬೆಚ್ಚಗಿತ್ತಂತೆ. ಬುರುಲಕ್ಕ ಸಿಗಲಿಲ್ಲ. ಅವಳ ಕುದುರೆನೂ ಸಿಗಲಿಲ್ಲ. ನಮ್ಮ ಬಾಗಿಲ ಮೇಲೆ ಕಡಿದ ಗುರುತು ಇತ್ತು, ಕುದುರೆ ಮೇಲೆ ಕೂತೋನ ಕೈಯೆತ್ತರಕ್ಕೆ. ಅವಳಮ್ಮನಿಗೆ, ನಮ್ಮತ್ತೆಗೆ, ಹಿಮ ಕುಸಿದು ಸತ್ಲು ಅಂತ ಹೇಳಿದ್ವಿ. ಅದಕ್ಕೇ ನಂಗೆ ಆಣೆ ಹಾಕಿಸಿದ್ದು.

ಸುಳ್ಳು ಅಂತೀರಾ? ಅನ್ನಿ. ನಮ್ಮೂರಿಗೆ ಬನ್ನಿ, ಬಾಗಿಲು ತೋರಿಸ್ತೀನಿ. ಚಿಕ್ಕಪ್ಪನ ಹೆಗಲು ತೋರಿಸ್ತೀನಿ.

ಹೋದ ರಜೇಲಿ ನಾನು ಮನೇಲಿದ್ದೆ. ಸಂಜೆ ಚಹಾ ಕುಡೀತಿದ್ವಿ, ಚಿಕ್ಕಪ್ಪನೂ ಇದ್ದ. ಬಾಗಿಲು ತಟ್ಟಿದ್ರು. ಮೆತ್ತಗೆ.

"ಮಾವಾ... ತೆಗಿ. ಕೈ ಸುಡ್ತಿದೆ ಮಾವಾ."

ಅಪ್ಪ ಅಜ್ಜಿ ಕಡೆ ನೋಡಿದ. ಅಜ್ಜಿ ಈ ಸಲ ಏಳಲಿಲ್ಲ, ಕೊಡಲಿ ಮುಟ್ಟಲಿಲ್ಲ. ತಲೆ ಬಗ್ಗಿಸಿ ಕೂತಿದ್ಲು. ಚಿಕ್ಕಪ್ಪ ಊರುಗೋಲು ತಗೊಂಡು ಎದ್ದ. ಬಾಗಿಲ ಹತ್ರ ಹೋದ. ಅಗುಳಿ ಮೇಲೆ ಕೈ ಇಟ್ಟ... ಚಕ್ ಅಂತ ಕೈ ತೆಗೆದ. ತುಂಬಾ ಹೊತ್ತು ಹಂಗೇ ನಿಂತಿದ್ದ. ಆಮೇಲೆ ವಾಪಸ್ ಬಂದು ಕೂತ್ಕೊಂಡ.

ನಾನು ಹೋಗಿ ಅಗುಳಿ ಮುಟ್ಟಿ ನೋಡ್ದೆ. ಹೊರಗೆ ಮೊಣಕಾಲುದ್ದ ಹಿಮ ಇತ್ತು. ಅಗುಳಿ ಬಿಸಿ ಇತ್ತು.

ಮತ್ತೆ ತಟ್ಟಿದ್ಲು... ನಾವ್ಯಾರೂ ಓ ಅನ್ನಲಿಲ್ಲ.