ಅಮಾವಾಸ್ಯೆಯ ಡ್ಯೂಟಿ

ನಮ್ಮ ಸಾಹೇಬರ ಮನೆಯವರಾದ ಶಿವಬಸಮ್ಮ ವೈನಿಯವರೆ, ಅವರ ಮಕ್ಕಳೆ, ಗಂಗಾವತಿಯ ಕರೆಂಟ್ ಇಲಾಖೆಯ ಗೆಳೆಯರೆ, ಕಾರಟಗಿಯಿಂದ ಬಂದಿರುವ ಗಿರಣಿ ಯಜಮಾನರೆ – ನಿಮಗೆಲ್ಲ ಈ ಆಪರೇಟರ್ ಮರ್ದಾನಸಾಬನ ನಮಸ್ಕಾರ. ನಮ್ಮನ್ನು ಬಿಟ್ಟುಹೋದ ಇಂಜಿನಿಯರ್ ಗ್ಯಾನಪ್ಪ ಸಾಹೇಬರ ಬಗ್ಗೆ ಮಾತಾಡಲು ನನ್ನನ್ನು ನಿಲ್ಲಿಸಿದ್ದೀರಿ. ಸರಿಯಾದ ಮನುಷ್ಯನನ್ನೇ ನಿಲ್ಲಿಸಿದ್ದೀರಿ. ಇವತ್ತು ನಾನು ಉಣ್ಣುವ ಅನ್ನ ಅವರು ಉಳಿಸಿಕೊಟ್ಟದ್ದು.

ಎಂಬತ್ತೇಳರಲ್ಲಿ ನಮ್ಮ ಸ್ಟೇಷನ್ನಿಗೆ ಕಂಪ್ಯೂಟರ್ ಬಂತು. ಯಾವ ಲೈನಿನಲ್ಲಿ ಎಷ್ಟು ಲೋಡು ಎಂದು ಕಾಯುವ ಪ್ರೋಗ್ರಾಮನ್ನು ಗ್ಯಾನಪ್ಪನವರೇ ಬರೆದರು. ಛಲೋ ನಡೆಯಿತು. ಆದರೆ ಆಗಾಗ – ಟಕ್ಕನೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಮುಂದೆ ಕುಳಿತವನು ಯಾರು? ನಾನು! ಪ್ರತಿ ಸಲ ನಾನೇ! ಜೊತೆಗಾರ ಪಕೀರಪ್ಪ ಎಲ್ಲರ ಮುಂದೆ ಅಂದ, "ಇವ ಏನೋ ಒತ್ತಿ ಕೆಡಸ್ತಾನ್ರಿ." ಮೇಲಿನವರು ನನ್ನನ್ನು ಕೆಲಸದಿಂದ ತೆಗೆಯಲು ಹೊರಟರು.

ಗ್ಯಾನಪ್ಪನವರು ಬಿಡಲಿಲ್ಲ. "ಪ್ರೋಗ್ರಾಮ್ ನಂದು. ಮೊದ್ಲ ನನ್ನ ತಪ್ಪು ಹುಡುಕ್ತೀನಿ, ಆಮ್ಯಾಲೆ ಇವಂದು" ಎಂದು ಜಗಳವನ್ನೇ ಆಡಿದರು. ಬರೆದದ್ದನ್ನೆಲ್ಲ ಮತ್ತೆ ನೋಡಿದರು, ವೈರು ಬದಲಿಸಿದರು. ಉಹೂಂ, ಏನೂ ಸಿಗಲಿಲ್ಲ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೇಳಿದರು –

"ಅದು ನಿಂತ ದಿನ ನಾ ಯಾಕ ಒಮ್ಮೀನೂ ಇರಂಗಿಲ್ಲೋ?"

"ಹೆಂಗ ಇರ್ತೀರಿ ಸಾಹೇಬ್ರ? ಅಮಾಸಿಗಿ ನೀವೆಲ್ಲ ಪೂಜಿಗಂತ ಮನಿಗಿ ಹೋಗ್ತೀರಿ, ಡ್ಯೂಟಿ ನಂಗ ಹಚ್ತೀರಿ."

"ಬರೇ ಅಮಾಸಿಗಿ?" ಲೋಟ ಕೆಳಗಿಟ್ಟರು. ಹೀಗೆ – ಹಣೆ ಬಡಿದುಕೊಂಡರು. "ಅಮಾಸಿಗಿ ಕಾರಟಗಿ ಗಿರಣಿ ಎಲ್ಲಾ ಬಂದ್ ಇರ್ತಾವಲ್ಲೋ!"

ಯಜಮಾನರೆ, ನಿಮಗೆ ಗೊತ್ತಲ್ಲ, ಕಾರಟಗಿ ಲೈನೆಂದರೆ ಬರೀ ಅಕ್ಕಿ ಗಿರಣಿಗಳದ್ದು. ಅವತ್ತು ನೀವು ಯಂತ್ರಕ್ಕೆ ಪೂಜೆ ಮಾಡುತ್ತೀರಿ, ಗಿರಣಿ ಹಚ್ಚುವುದಿಲ್ಲ. ಲೈನು ಚಾಲೂ, ಲೋಡು ಸೊನ್ನೆ! ನಮ್ಮ ಪ್ರೋಗ್ರಾಮು ಆ ಸೊನ್ನೆಯಿಂದ ಭಾಗಿಸಲು ಹೋಗುತ್ತಿತ್ತು. ಯಾವ ಮಾಸ್ತರರಿಗೂ ಆಗದ ಲೆಕ್ಕ ಅದು. ಅಲ್ಲೇ ಕೂತುಬಿಡುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ವೈನಿ ಹೋಳಿಗೆ ಮಾಡಿ ಕಾದರು – ನೆನಪಿದೆಯಲ್ಲ ವೈನಿ? ಈ ಪುಣ್ಯಾತ್ಮರು ನನ್ನ ಪಕ್ಕ ಬಂದು ಕುಳಿತಿದ್ದರು. ಕಾರಟಗಿ ಸೊನ್ನೆಗೆ ಇಳಿಯಿತು. ಕಂಪ್ಯೂಟರ್ ನಿಂತಿತು. ಮೇಲಿನವರನ್ನು ಕರೆಸಿ ತೋರಿಸಿದರು. "ತಪ್ಪು ನಂದೈತಿ. ಇವನ ಮ್ಯಾಲೆ ಹಾಕಬ್ಯಾಡ್ರಿ" ಎಂದರು. ಸೊನ್ನೆ ಬಂದರೆ ಭಾಗಿಸಬೇಡ, ಮುಂದೆ ನಡೆ ಎಂದು ಒಂದೇ ಸಾಲು ಸೇರಿಸಿದರು.

ಇವತ್ತೂ ಅಮಾವಾಸ್ಯೆ. ಡ್ಯೂಟಿ ನನ್ನದು. ಆದರೆ ನಾನು ಇಲ್ಲಿ ಮಾತಾಡಲೆಂದು ಅದೇ ಪಕೀರಪ್ಪ ಪೂಜೆ ಬಿಟ್ಟು ನನ್ನ ಕುರ್ಚಿಯಲ್ಲಿ ಕುಳಿತಿದ್ದಾನೆ. ಬರುವಾಗ ನೋಡಿ ಬಂದೆ – ಕಾರಟಗಿ ಸೊನ್ನೆ. ಕಂಪ್ಯೂಟರ್ ನಡೆಯುತ್ತಿದೆ. ನಮ್ಮ ಸಾಹೇಬರಿಲ್ಲ. ಭಾಳ ಸಂಕಟವಾಗುತ್ತದೆ.

ಏಳ್ರಿ, ಎಲ್ಲರೂ ಎದ್ದು ನಿಲ್ರಿ. ಆ ಒಂದು ಸಾಲು ಬರೆದ ಮನುಷ್ಯನಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ.